ಬೇರಿನ ತುದಿ ನೋಡಿ, ಆಮೇಲೆ ಗೊಬ್ಬರದ ಚೀಲ ಬಿಚ್ಚಿ: ಕಾಸರಗೋಡಿನ ಹುಳಿ ಮಣ್ಣಿಗೊಂದು ಮಾರ್ಗದರ್ಶಿ

ಮನೆಯ ಹಿಂದಿನ ಗುಡ್ಡೆಯನ್ನು ಜೆಸಿಬಿಯಲ್ಲಿ ಕಡಿಸಿ, ಮೆಟ್ಟಿಲಿನ ಹಾಗೆ ತಟ್ಟು ಮಾಡಿಸಿ ಅಡಿಕೆ ಸಸಿ ನೆಟ್ಟಿದ್ದೆವು. ಕೆಳಗಿನ ಹಳೇ ತೋಟದ ಎಡೆಗಳಿಗೂ ಅದೇ ಬೀಜದ ಸಸಿಗಳನ್ನು ಅದೇ ವಾರ ನೆಟ್ಟೆವು. ಎರಡು ಮಳೆಗಾಲ ಕಳೆಯುವಾಗ ಕೆಳಗಿನವು ಎದೆಮಟ್ಟ ಬಂದವು. ತಟ್ಟಿನವು ಮೊಣಕಾಲು ದಾಟಲಿಲ್ಲ. ನೀರು ಬೇಕಾದಷ್ಟು ಇತ್ತು. ಹಟ್ಟಿಗೊಬ್ಬರ ಕೊಟ್ಟಿದ್ದೆವು. ಎರಡು ಸಲ ಯೂರಿಯಾ ಕೂಡ ಹಾಕಿದೆ. ಏನೂ ಪ್ರಯೋಜನ ಆಗಲಿಲ್ಲ.

ಕೊನೆಗೆ ಒಂದು ಸಸಿಯ ಬುಡವನ್ನು ಹುಷಾರಾಗಿ ಬಿಡಿಸಿ, ಬೇರನ್ನು ಬಾಲ್ದಿ ನೀರಿನಲ್ಲಿ ಅದ್ದಿ ತೊಳೆದೆ. ಆರೋಗ್ಯವಾದ ಬೇರಿನ ತುದಿ ಬೆಳ್ಳಗೆ, ಸೂಜಿಯ ಹಾಗೆ ಮುಂದಕ್ಕೆ ಚಾಚಿರುತ್ತದೆ. ಅದರ ಹಿಂದೆ ಸಣ್ಣ ಸಣ್ಣ ಕವಲುಗಳಿರುತ್ತವೆ. ನನ್ನ ಕೈಯಲ್ಲಿದ್ದ ಬೇರಿನ ತುದಿಗಳು ಮೊಂಡಾಗಿದ್ದವು. ಊದಿಕೊಂಡು ಕಂದು ಬಣ್ಣಕ್ಕೆ ತಿರುಗಿದ್ದವು. ಕವಲುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಕೊಳೆತ ವಾಸನೆ ಇರಲಿಲ್ಲ, ಹುಳ ತಿಂದ ಗುರುತೂ ಇರಲಿಲ್ಲ. ಬೇರು ಮುಂದೆ ಹೋಗಲು ಮಣ್ಣೇ ಬಿಟ್ಟಿರಲಿಲ್ಲ.

ಬದಿಯಡ್ಕ, ಪೆರ್ಲ, ಬಾಯಾರು, ಪೈವಳಿಕೆ, ಮುಳ್ಳೇರಿಯ ಕಡೆ ಈಗ ಗುಡ್ಡೆ ಕಡಿದು ತೋಟ ಎಬ್ಬಿಸುವವರು ಬಹಳ ಮಂದಿ ಇದ್ದಾರೆ. ಸಸಿ ಏಳದಿದ್ದರೆ ಎಲ್ಲರೂ ಮೊದಲು ಓಡುವುದು ಗೊಬ್ಬರದ ಅಂಗಡಿಗೆ. ನಾನೂ ಓಡಿದ್ದೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಮಣ್ಣಿನ ಕತೆ

ನಮ್ಮದು ಮುರಮಣ್ಣು. ಮನೆ ಕಟ್ಟುವ ಕೆಂಪುಕಲ್ಲು ಇದೇ ಮಣ್ಣಿನ ಗಟ್ಟಿ ರೂಪ. ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪ್ಪುರಂನಲ್ಲಿ ಇದನ್ನು ನೋಡಿ, 1807ರಲ್ಲಿ ಹೊರಬಂದ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಹೇಳುವ ಶಬ್ದದಿಂದ ಬಂದ ಹೆಸರು. ಕಡಿದು ತೆಗೆದು ಇಟ್ಟಿಗೆಯ ಹಾಗೆ ಬಳಸುತ್ತಾರಲ್ವಾ, ಹಾಗಾಗಿ.

ಈ ಮಣ್ಣಿನ ಮೇಲೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಲಕ್ಷಾಂತರ ವರ್ಷಗಳ ಮಳೆ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷಿಯಂನಂಥ ಅಂಶಗಳನ್ನೆಲ್ಲ ತೊಳೆದು ಹೊಳೆಗೆ ಕೊಟ್ಟಿದೆ. ಕದಲದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮಣ್ಣಿನ ಕೆಂಪು ಕಬ್ಬಿಣದ್ದು. ಅಲ್ಯೂಮಿನಿಯಂ ಕಣ್ಣಿಗೆ ಕಾಣುವುದಿಲ್ಲ.

ಕಲ್ಲಿನೊಳಗೆ ಕೂತಿರುವ ಅಲ್ಯೂಮಿನಿಯಂನಿಂದ ಬೇರಿಗೆ ತೊಂದರೆ ಇಲ್ಲ. ಮಣ್ಣು ಹುಳಿಯಾದಾಗ ಅದು ಕರಗಿ ನೀರಿಗೆ ಬರುತ್ತದೆ. ಹುಳಿಯ ಅಳತೆಗೆ ಪಿಎಚ್ ಎನ್ನುತ್ತೇವೆ. 7 ಎಂದರೆ ಸಮ, ಅದಕ್ಕಿಂತ ಕೆಳಗೆ ಹೋದಷ್ಟೂ ಹುಳಿ. 5.5ರ ಮೇಲೆ ಕರಗಿದ ಅಲ್ಯೂಮಿನಿಯಂ ತೀರಾ ಕಡಿಮೆ. 5ಕ್ಕಿಂತ ಕೆಳಗೆ ಹೋದರೆ ಅದು ಬೇರಿಗೆ ವಿಷ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ, ಅಲ್ಯೂಮಿನಿಯಂ ಅದಕ್ಕಿಂತಲೂ ಎಷ್ಟೋ ಜಾಸ್ತಿ ಕರಗುತ್ತದೆ. ಹಾಗಾಗಿ 5.3ಕ್ಕೂ 4.6ಕ್ಕೂ ಇರುವ ಅಂತರವನ್ನು ಸಣ್ಣದು ಅಂತ ಬಿಡಬೇಡಿ.

ಹಳೇ ತೋಟದಲ್ಲಿ ಅಷ್ಟು ತೊಂದರೆ ಯಾಕಿಲ್ಲ? ಅಜ್ಜನ ಕಾಲದಿಂದ ಬಿದ್ದ ಸೊಪ್ಪು, ಸೋಗೆ, ಹಟ್ಟಿಗೊಬ್ಬರ ಅಲ್ಲಿ ಕಪ್ಪು ಮಣ್ಣಾಗಿ ಕೂತಿದೆ. ಆ ಕಪ್ಪು ಮಣ್ಣು ಅಲ್ಯೂಮಿನಿಯಮನ್ನು ಹಿಡಿದು ಕಟ್ಟಿಡುತ್ತದೆ. ಜೆಸಿಬಿ ಆ ಮೇಲಿನ ಒಂದಡಿಯನ್ನೇ ಕೆರೆದು ಬದಿಗೆ ತಳ್ಳುತ್ತದೆ. ಸಸಿಯನ್ನು ನಾವು ನೆಡುವುದು ಗುಡ್ಡೆ ಕಡಿದಾಗ ಹೊರಬಂದ ಆಳದ ಮಣ್ಣಿನಲ್ಲಿ.

ಬೇರು ಸುಮ್ನೆ ಕೂರುವುದಿಲ್ಲ

ಇದು ತಿಳಿದರೆ ಮುಂದಿನ ಕೆಲಸಗಳಿಗೆ ಅರ್ಥ ಬರುತ್ತದೆ.

ಅಲ್ಯೂಮಿನಿಯಂ ಹೊಡೆಯುವುದು ಬೇರಿನ ತುದಿಯ ಕೆಲವೇ ಮಿಲಿಮೀಟರ್ ಜಾಗಕ್ಕೆ. ಬೇರು ಉದ್ದವಾಗುವುದು ಅಲ್ಲಿಂದಲೇ. ಹುಳಿ ನೀರು ತಾಗಿದ ಕೆಲವೇ ಗಂಟೆಗಳಲ್ಲಿ ಬೆಳವಣಿಗೆ ನಿಧಾನವಾಗುತ್ತದೆ. ತುದಿ ನಿಂತರೆ ಬೇರು ಆಳಕ್ಕೆ ಇಳಿಯುವುದಿಲ್ಲ. ಮತ್ತೆ ಬೇಸಿಗೆಯಲ್ಲಿ ಸಸಿ ಒಣಗಿದಾಗ ನಾವು ನೀರಿನ ಕೊರತೆ ಅಂದುಕೊಳ್ಳುತ್ತೇವೆ.

ಬೇರು ಇದನ್ನು ಹೇಗೆ ತಡೆಯುತ್ತದೆ ಗೊತ್ತಾ? ತಾಮ್ರದ ಚೆಂಬನ್ನು ಹುಣಸೆಹುಳಿ ಹಾಕಿ ತಿಕ್ಕಿದ್ದೀರಲ್ವಾ? ಹುಳಿಯಲ್ಲಿರುವ ಆಮ್ಲ ಕಿಲುಬಿನ ತಾಮ್ರವನ್ನು ಹಿಡಿದುಕೊಂಡು ನೀರಿನೊಂದಿಗೆ ಹೋಗುತ್ತದೆ. ಬೇರಿನ ತುದಿಯೂ ಇಂಥದ್ದೇ ಆಮ್ಲವನ್ನು ಹೊರಗೆ ಬಿಡುತ್ತದೆ. ಗೋಧಿ ಬಿಡುವುದು ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ. ಜೋಳ, ಬಾರ್ಲಿ ಬಿಡುವುದು ಲಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ. ಆ ಆಮ್ಲ ಅಲ್ಯೂಮಿನಿಯಮನ್ನು ಅಪ್ಪಿ ಹಿಡಿಯುತ್ತದೆ. ಹಾಗೆ ಹಿಡಿದ ಅಲ್ಯೂಮಿನಿಯಂ ಬೇರಿಗೆ ಏನೂ ಮಾಡುವುದಿಲ್ಲ. ಬಂದವರನ್ನು ಜಗಲಿಯಲ್ಲೇ ಕೂರಿಸಿ ಮಾತಾಡಿ ಕಳಿಸಿದ ಹಾಗೆ. ಗೋಧಿಯ ಬೇರಿನಲ್ಲಿ ಈ ಆಮ್ಲಕ್ಕೆ ಬಾಗಿಲು ತೆರೆಯುವ ಜೀನ್ ಯಾವುದೆಂದು 2004ರಲ್ಲಿ ಗುರುತಿಸಿದರು. ಜೋಳದ್ದು, ಬಾರ್ಲಿಯದ್ದು 2007ರಲ್ಲಿ ಗೊತ್ತಾಯಿತು.

ನಮಗೆ ಹತ್ತಿರದ ಉದಾಹರಣೆ ಕೆಸು. ಪತ್ರೊಡೆಯ ಕೆಸು. ಅದನ್ನು ಹುಳಿ ಹಾಕಿ ಬೇಯಿಸದಿದ್ದರೆ ಬಾಯಿ ತುರಿಸುತ್ತದೆ. ಆ ತುರಿಕೆ ಆಕ್ಸಾಲಿಕ್ ಆಮ್ಲ ಮತ್ತು ಸುಣ್ಣ ಸೇರಿ ಆದ ಸೂಜಿಯಂಥ ಹರಳುಗಳದ್ದು. ಅಲ್ಯೂಮಿನಿಯಂ ಎದುರಾದಾಗ ಕೆಸುವಿನ ಬೇರು ಅದೇ ಆಕ್ಸಾಲಿಕ್ ಆಮ್ಲವನ್ನು ಹೊರಗೆ ಬಿಡುತ್ತದೆ. ಹುಳಿ ಮಣ್ಣಿನ ತೋಡಿನ ಬದಿಯಲ್ಲಿ ಯಾರೂ ಆರೈಕೆ ಮಾಡದೆ ಕೆಸು ಹುಲುಸಾಗಿ ಬೆಳೆಯುವುದನ್ನು ನೋಡುವಾಗ ನನಗೆ ಈಗ ಇದು ನೆನಪಾಗುತ್ತದೆ.

ಎರಡನೆಯ ದಾರಿ, ಒಳಗೆ ಬಂದದ್ದನ್ನು ಕೂಡಿಹಾಕುವುದು. ಭತ್ತ ಇದರಲ್ಲಿ ಗಟ್ಟಿ. ಧಾನ್ಯಗಳ ಪೈಕಿ ಅಲ್ಯೂಮಿನಿಯಮನ್ನು ಅತಿ ಚೆನ್ನಾಗಿ ತಾಳುವುದು ಅದೇ. ಬೇರಿನ ಜೀವಕೋಶದೊಳಗೆ ರಸ ತುಂಬಿದ ಒಂದು ಚೀಲ ಇರುತ್ತದೆ. ಭತ್ತ ಅಲ್ಯೂಮಿನಿಯಮನ್ನು ಅದರೊಳಗೆ ತಳ್ಳಿ ಮುಚ್ಚುತ್ತದೆ. ತಾಮ್ರ, ಕ್ಯಾಡ್ಮಿಯಂನಂಥ ಲೋಹಗಳು ಬಂದರೆ ಗಿಡಗಳು ಗಂಧಕ ಇರುವ ಸಣ್ಣ ಎಳೆಗಳನ್ನು ನೇಯ್ದು ಅವನ್ನು ಹಿಡಿಯುತ್ತವೆ. ಫೈಟೊಕೆಲಾಟಿನ್ ಎಂಬ ಈ ಎಳೆಗಳ ವಿಷಯ 1985ರಲ್ಲಿ ಹೊರಬಂತು. ಎಷ್ಟೋ ಲೋಹ ಹೀಗೆ ಬೇರಿನಲ್ಲೇ ಉಳಿಯುತ್ತದೆ, ಎಲೆಗೆ ಏರುವುದಿಲ್ಲ.

ಇದಕ್ಕೆಲ್ಲ ಖರ್ಚಿದೆ. ಬೇರು ಹೊರಗೆ ಬಿಡುವ ಆಮ್ಲ ಎಲೆ ಮಾಡಿದ ಸಕ್ಕರೆಯಿಂದ ಆದದ್ದು. ಎಲೆ ಸೊರಗಿದ ಸಸಿಗೆ ಆ ಖರ್ಚು ತೂಗಿಸಲು ಆಗುವುದಿಲ್ಲ. ನಾವು ಮಾಡಬೇಕಾದದ್ದು ಆ ಹೊರೆ ಇಳಿಸುವುದು, ಅಷ್ಟೇ.

ಹೆಜ್ಜೆ 1: ಬೇರು ತೊಳೆದು ನೋಡಿ

ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಒಳ್ಳೆಯ ಸಮಯ. ಮಣ್ಣು ಮೆತ್ತಗಿರುತ್ತದೆ. ಗಿಡವನ್ನು ಎಳೆಯಬೇಡಿ. ಎಳೆದರೆ ನೋಡಬೇಕಾದ ತುದಿಗಳೇ ಮಣ್ಣಿನಲ್ಲಿ ಉಳಿಯುತ್ತವೆ. ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಸಣ್ಣ ಹೊಂಡ ತೆಗೆದು, ಒಂದು ಬದಿಯಿಂದ ನೀರು ಬಿಟ್ಟು ಮಣ್ಣು ಕರಗಿಸಿ. ಮೊಂಡು ತುದಿ, ಕಂದು ಬಣ್ಣ, ಕವಲಿಲ್ಲದ ಬೇರು ಕಂಡರೆ ಅಲ್ಯೂಮಿನಿಯಂ ಮೇಲೆ ಸಂಶಯ ಪಡಿ. ಬೇರು ಕಪ್ಪಾಗಿ ಸಿಪ್ಪೆ ಜಾರಿ ವಾಸನೆ ಬಂದರೆ ಅದು ನೀರು ನಿಂತ ತೊಂದರೆ. ನೀರು ಹರಿದುಹೋಗುವ ಕಣಿ ಆಳ ಮಾಡಿ. ಕಚ್ಚಿದ ಗುರುತಿದ್ದರೆ ಬೇರುಹುಳ.

ಹೆಜ್ಜೆ 2: ಎರಡು ಆಳದ ಮಣ್ಣು ಪರೀಕ್ಷಿಸಿ

ಮೇಲಿನ ಮುಕ್ಕಾಲು ಅಡಿಯ ಮಣ್ಣನ್ನು ಬೇರೆ, ಒಂದೂವರೆ ಅಡಿ ಆಳದ್ದನ್ನು ಬೇರೆ ತೆಗೆಯಿರಿ. ಸಾಮಾನ್ಯವಾಗಿ ಎಲ್ಲರೂ ಮೇಲಿನದನ್ನು ಮಾತ್ರ ಕೊಡುತ್ತಾರೆ. ಆಳದ ಹುಳಿ ಹಾಗಾಗಿ ತಪ್ಪಿಹೋಗುತ್ತದೆ. ಐದಾರು ಕಡೆಯ ಮಣ್ಣು ಸೇರಿಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಕೊಟ್ಟರೆ ಸಾಕು. ಪಂಚಾಯತಿನ ಕೃಷಿಭವನದಲ್ಲಿ ಕೇಳಿ. ಕೂಡ್ಲಿನ ಸಿಪಿಸಿಆರ್‌ಐಯಲ್ಲಿರುವ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೃಷಿ ವಿಜ್ಞಾನ ಕೇಂದ್ರವನ್ನೂ ಕೇಳಬಹುದು.

ವರದಿ ಮಲಯಾಳದಲ್ಲಿ ಬಂದರೆ ಹೆದರಬೇಡಿ. ಅಮ್ಲತ ಎಂದರೆ ಹುಳಿ. ಕುಮ್ಮಾಯ ಎಂದರೆ ಸುಣ್ಣ. ತುರಿಶ್ ಎಂದರೆ ನಮ್ಮ ಮೈಲುತುತ್ತು (ಕಾಪರ್ ಸಲ್ಫೇಟ್). ಈ ಮೂರು ಶಬ್ದ ಗೊತ್ತಿದ್ದರೆ ಅಂಗಡಿಯಲ್ಲೂ ಕೆಲಸ ನಡೆಯುತ್ತದೆ.

ಮನೆಯಲ್ಲೇ ನೋಡುವುದಾದರೆ ಪಿಎಚ್ ಕಾಗದ ತನ್ನಿ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಬ್ಯಾಟರಿಗೆ ಹಾಕುವ ಶುದ್ಧ ನೀರು ಸೇರಿಸಿ. ಅರ್ಧ ಗಂಟೆ ಆಗಾಗ ಕಲಕಿ, ತಿಳಿಯಾದ ಮೇಲೆ ಕಾಗದ ಅದ್ದಿ. ಲ್ಯಾಬಿನಷ್ಟು ನಿಖರ ಅಲ್ಲ, ಆದರೆ 4.5ಕ್ಕೂ 6ಕ್ಕೂ ಇರುವ ವ್ಯತ್ಯಾಸ ಖಂಡಿತ ಗೊತ್ತಾಗುತ್ತದೆ.

ಹೆಜ್ಜೆ 3: ಗೆರಟೆಯಲ್ಲಿ ಹೆಸರುಕಾಳು

ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಈ ಪರೀಕ್ಷೆ. ಖರ್ಚು ಒಂದು ಹಿಡಿ ಹೆಸರುಕಾಳು.

ತಟ್ಟಿನ ಆಳದ ಮಣ್ಣು ಎರಡು ಕಿಲೋ ತನ್ನಿ. ಒಂದು ಕಿಲೋವನ್ನು ಹಾಗೇ ಇಡಿ. ಇನ್ನೊಂದಕ್ಕೆ ಅರ್ಧ ಚಮಚ ಅರಳಿದ ಸುಣ್ಣದ ಪುಡಿ ಸೇರಿಸಿ ಚೆನ್ನಾಗಿ ಕಲಸಿ. ಹಳೇ ತೋಟದ ಮೇಲ್ಮಣ್ಣು ಒಂದು ಕಿಲೋ ಬೇರೆ. ಮೂರನ್ನೂ ತೇವ ಮಾಡಿ ಹತ್ತು ದಿನ ಮುಚ್ಚಿಡಿ. ಆಮೇಲೆ ದೊಡ್ಡ ಗೆರಟೆಗಳಿಗೆ ಅಡಿಯಲ್ಲಿ ತೂತು ಮಾಡಿ ತುಂಬಿ. ಗೆರಟೆ ಚಿಕ್ಕದಾದರೆ ಹಾಲಿನ ಪ್ಯಾಕೆಟ್ಟೂ ಆಗುತ್ತದೆ. ಮೊಳಕೆ ಬಂದ ಹೆಸರುಕಾಳನ್ನು, ಬೇರು ಅರ್ಧ ಬೆರಳುಗುರಿನಷ್ಟಿರುವಾಗ, ಪ್ರತಿಯೊಂದರಲ್ಲಿ ಎಂಟು ಹತ್ತು ಊರಿ. ಐದನೆಯ ದಿನ ನೀರಿನಲ್ಲಿ ತೊಳೆದು, ಬಿಳಿ ಕಾಗದದ ಮೇಲೆ ಸಾಲಾಗಿ ಮಲಗಿಸಿ.

ನಮ್ಮಲ್ಲಿ ಹಾಗೇ ಇಟ್ಟ ಮಣ್ಣಿನ ಬೇರುಗಳು ಗಿಡ್ಡವಾಗಿ ತುದಿ ಬಾಗಿದ್ದವು. ಸುಣ್ಣ ಸೇರಿಸಿದ ಮಣ್ಣಿನವು ಅದರ ಎರಡರಷ್ಟು ಉದ್ದ ಇದ್ದು, ಹಳೇ ತೋಟದವಕ್ಕೆ ಹತ್ತಿರ ಬಂದಿದ್ದವು. ಎಲೆ ನೋಡಿದರೆ ಮೂರೂ ಒಂದೇ ಥರ ಹಸಿರು! ಮೇಲಿನಿಂದ ನೋಡಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಸುಣ್ಣ ಹಾಕಿದ್ದರಲ್ಲೂ ಬೇರು ಗಿಡ್ಡವೇ ಇದ್ದರೆ ಕಾರಣ ಬೇರೆ ಇದೆ. ಆಗ ಸುಣ್ಣಕ್ಕೆ ದುಡ್ಡು ಹಾಕಬೇಡಿ.

ಹೆಜ್ಜೆ 4: ಸುಣ್ಣ, ಆದರೆ ಅಳತೆಯಲ್ಲಿ

ಸುಣ್ಣ ಹುಳಿಯನ್ನು ಇಳಿಸುತ್ತದೆ. ಕರಗಿದ ಅಲ್ಯೂಮಿನಿಯಂ ಮತ್ತೆ ಗಟ್ಟಿಯಾಗಿ ಮಣ್ಣು ಸೇರುತ್ತದೆ. ಹುಳಿ ಮಣ್ಣಿನಲ್ಲಿ ಅಡಿಕೆಗೆ ಸಾಮಾನ್ಯವಾಗಿ ಹೇಳುವ ಅಳತೆ ಮರಕ್ಕೆ ಅರ್ಧ ಕಿಲೋ, ಎರಡು ಮೂರು ವರ್ಷಕ್ಕೊಮ್ಮೆ. ತೆಂಗಿಗೆ ಒಂದು ಕಿಲೋ. ನಿಮ್ಮ ಮಣ್ಣಿನ ವರದಿ ಬೇರೆ ಹೇಳಿದರೆ ವರದಿಯನ್ನೇ ನಂಬಿ. ಮೆಗ್ನೀಷಿಯಂ ಕಡಿಮೆ ಇದ್ದರೆ ಡೋಲೊಮೈಟ್ ಒಳ್ಳೆಯದು, ಅದರಲ್ಲಿ ಎರಡೂ ಇರುತ್ತದೆ.

ಎಲ್ಲ ಸುಣ್ಣಕ್ಕೂ ಒಂದೇ ಶಕ್ತಿ ಇಲ್ಲ. 100 ಕಿಲೋ ಸುಣ್ಣಕಲ್ಲಿನ ಪುಡಿ ಮಾಡುವ ಕೆಲಸವನ್ನು 74 ಕಿಲೋ ಅರಳಿದ ಸುಣ್ಣ ಮಾಡುತ್ತದೆ, 56 ಕಿಲೋ ಸುಟ್ಟ ಸುಣ್ಣ ಮಾಡುತ್ತದೆ. ಕೊಳ್ಳುವಾಗ ಯಾವುದು ಅಂತ ಕೇಳಿ.

ಏಪ್ರಿಲ್ ಮೇ ತಿಂಗಳ ಮೊದಲ ಮಳೆಗೆ, ಪತ್ತನಾಜೆಗೆ (ಮೇ ಕೊನೆಯ ವಾರ) ಮೊದಲು ಹಾಕಿ. ಬುಡಕ್ಕೆ ರಾಶಿ ಸುರಿಯಬೇಡಿ. ಅಡಿಕೆಯ ಹೆಚ್ಚಿನ ಬೇರು ಬುಡದಿಂದ ಮೂರಡಿಯೊಳಗೆ ಹರಡಿರುತ್ತದೆ. ಆ ಜಾಗಕ್ಕೆಲ್ಲ ತೆಳ್ಳಗೆ ಎರಚಿ, ಮೇಲ್ಮಣ್ಣಿಗೆ ಬೆರೆಸಿ. ಕಾಳುಮೆಣಸಿನ ಬಳ್ಳಿ ಇದ್ದರೆ ಅಗೆಯಬೇಡಿ, ಕೈಯಲ್ಲೇ ಕೆದಕಿ. ಬೇರಿಗೆ ಗಾಯವಾದರೆ ಸೊರಗುರೋಗಕ್ಕೆ ದಾರಿ ಆಗುತ್ತದೆ. ಯೂರಿಯಾ, ಸೂಪರ್ ಫಾಸ್ಫೇಟ್ ಜೊತೆ ಸುಣ್ಣ ಸೇರಿಸಬೇಡಿ. ಎರಡು ವಾರ ಅಂತರ ಇರಲಿ. ಇಲ್ಲದಿದ್ದರೆ ಸಾರಜನಕ ಗಾಳಿಗೆ ಹೋಗುತ್ತದೆ, ರಂಜಕ ಗಟ್ಟಿಯಾಗುತ್ತದೆ.

ಜಾಸ್ತಿ ಹಾಕಿದರೆ ಬೇಗ ಗುಣ ಸಿಗುತ್ತದೆ ಎಂಬುದು ತಪ್ಪು. ಪಿಎಚ್ 6.5 ದಾಟಿದರೆ ಸತು, ಬೋರಾನ್ ಬೇರಿಗೆ ಸಿಗದೆ ಹೊಸ ತೊಂದರೆ ಶುರುವಾಗುತ್ತದೆ. 5.5 ದಾಟಿಸಿದರೆ ಅಲ್ಯೂಮಿನಿಯಂ ಮಟ್ಟಿಗೆ ಕೆಲಸ ಆಯಿತು.

ಸುಣ್ಣ ತಾನಾಗಿ ಆಳಕ್ಕೆ ಇಳಿಯುವುದು ಬಹಳ ನಿಧಾನ. ಹಾಗಾಗಿ ಹೊಸ ತಟ್ಟಿನಲ್ಲಿ ನೆಡುವ ಮೊದಲೇ ಹೊಂಡದ ಮಣ್ಣಿಗೆ ಸುಣ್ಣ, ಕಾಂಪೋಸ್ಟ್ ಬೆರೆಸಿ ತುಂಬಿ. ನೆಟ್ಟು ಆಗಿದ್ದರೆ ಜಿಪ್ಸಂ ಸಹಾಯ ಮಾಡುತ್ತದೆ. ಅದು ಹುಳಿ ಇಳಿಸುವುದಿಲ್ಲ, ಆದರೆ ನೀರಿನೊಂದಿಗೆ ಕೆಳಗೆ ಇಳಿದು ಬೇರಿಗೆ ಕ್ಯಾಲ್ಸಿಯಂ ಕೊಡುತ್ತದೆ, ಅಲ್ಯೂಮಿನಿಯಂನ ವಿಷವನ್ನೂ ತಗ್ಗಿಸುತ್ತದೆ.

ಸೊಪ್ಪು, ಸೋಗೆ, ಹಾಳೆ ತೋಟದಿಂದ ಹೊರಗೆ ಹೋಗದಿರಲಿ. ಹೊಸ ತಟ್ಟಿನಲ್ಲಿ ಮೊದಲೆರಡು ವರ್ಷ ಎಡೆಗೆ ಅಲಸಂಡೆ, ಅನಾನಸು, ಮರಗೆಣಸು ಹಾಕಿ. ಮೂರೂ ಹುಳಿ ಮಣ್ಣನ್ನು ತಾಳುತ್ತವೆ. ಬೀಟ್ರೂಟು ಅಲ್ಲಿ ಬೇಡ. ಯೂರಿಯಾ, ಅಮೋನಿಯಂ ಸಲ್ಫೇಟ್ ಎರಡೂ ಮಣ್ಣನ್ನು ಇನ್ನಷ್ಟು ಹುಳಿ ಮಾಡುತ್ತವೆ. ನಾನು ತಟ್ಟಿಗೆ ಯೂರಿಯಾ ಸುರಿದದ್ದು ತಪ್ಪು ಮದ್ದಾಗಿತ್ತು.

ಹೆಜ್ಜೆ 5: ಬೈಲುಗದ್ದೆಯಲ್ಲಿ ನೋಡಬೇಕಾದದ್ದು ಕಬ್ಬಿಣ

ಗದ್ದೆಯಲ್ಲಿ ನೀರು ನಿಂತರೆ ಹುಳಿ ತಾನಾಗಿ ಕಡಿಮೆಯಾಗುತ್ತದೆ. ಆದರೆ ಗಾಳಿ ಇಲ್ಲದ ಕೆಸರಿನಲ್ಲಿ ಕಬ್ಬಿಣ ಕರಗುತ್ತದೆ. ಗುಡ್ಡೆಯ ಬುಡದ ಗದ್ದೆಗಳಿಗೆ ಒಸರಿನ ನೀರಿನೊಂದಿಗೂ ಬರುತ್ತದೆ. ಬದುವಿನ ಬಳಿ ಕಾವಿ ಬಣ್ಣದ ಕೆಸರು, ಮೇಲೆ ಎಣ್ಣೆ ಚೆಲ್ಲಿದಂಥ ಮಿರುಗುವ ಪೊರೆ ನೋಡಿರುತ್ತೀರಿ. ಕಡ್ಡಿಯಲ್ಲಿ ಮುಟ್ಟಿ. ಚೂರು ಚೂರಾಗಿ ಒಡೆದರೆ ಅದು ಕಬ್ಬಿಣದ್ದು. ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ.

ಭತ್ತದ ಒಂದು ಬುಡ ಕಿತ್ತು ತೊಳೆಯಿರಿ. ಬೇರಿನ ಮೇಲೆ ತುಕ್ಕಿನ ಬಣ್ಣದ ಲೇಪ ಕಂಡರೆ ಗಾಬರಿ ಬೇಡ, ಅದು ಬೇರಿನ ಕವಚ. ಭತ್ತದ ಬೇರಿನೊಳಗೆ ಗಾಳಿಯ ಕೊಳವೆಗಳಿವೆ. ಎಲೆಯಿಂದ ಇಳಿದ ಆಮ್ಲಜನಕ ಬೇರಿನಿಂದ ಹೊರಗೆ ಸೋರುತ್ತದೆ. ಅದು ತಾಗಿದ ಕರಗಿದ ಕಬ್ಬಿಣ ತುಕ್ಕಾಗಿ ಅಲ್ಲೇ ಅಂಟಿಕೊಳ್ಳುತ್ತದೆ, ಒಳಗೆ ಹೋಗುವುದು ಕಡಿಮೆಯಾಗುತ್ತದೆ. ತುದಿ ಬೆಳ್ಳಗಿದ್ದು ಹಿಂದೆ ಕಾವಿ ಇದ್ದರೆ ಬೇರು ಗೆಲ್ಲುತ್ತಿದೆ. ಬೇರು ಪೂರ್ತಿ ಕಪ್ಪಾಗಿ, ಕೆಳಗಿನ ಎಲೆಗಳ ತುದಿಯಿಂದ ಕಂದು ಚುಕ್ಕೆ ಹರಡಿದರೆ ಸೋಲುತ್ತಿದೆ.

ಆಗ ನೀರು ಬಸಿದು ಕೆಲವು ದಿನ ಗದ್ದೆಗೆ ಗಾಳಿಯಾಡಲು ಬಿಡಿ, ಮತ್ತೆ ಹೊಸ ನೀರು ಕಟ್ಟಿ. ಗುಡ್ಡೆಯ ಬದಿಗೆ ಕಣಿ ತೆಗೆದು ಒಸರನ್ನು ಹೊರಗೆ ತಿರುಗಿಸಿ. ಪೊಟ್ಯಾಷ್ ತಪ್ಪಿಸಬೇಡಿ. ಅದು ಕಡಿಮೆಯಾದರೆ ಕಬ್ಬಿಣವನ್ನು ತಡೆಯುವ ಬೇರಿನ ಶಕ್ತಿ ಕುಗ್ಗುತ್ತದೆ. ಹಸಿ ಸೊಪ್ಪನ್ನು ನೇಜಿ ನೆಡುವ ಮುನ್ನಾದಿನ ತುಳಿಯಬೇಡಿ, ಎರಡು ವಾರ ಮೊದಲೇ ತುಳಿದು ಕೊಳೆಯಲು ಬಿಡಿ. ಸುಣ್ಣ ಹೆಕ್ಟೇರಿಗೆ 600 ಕಿಲೋ ಎಂದು ಕೇರಳ ಕೃಷಿ ವಿಶ್ವವಿದ್ಯಾಲಯದ ಶಿಫಾರಸು: 350 ಮೊದಲ ಉಳುಮೆಗೆ, 250 ನೆಟ್ಟು ಒಂದು ತಿಂಗಳಿಗೆ. ಎಕರೆಗಾದರೆ 140 ಮತ್ತು 100.

ಹೆಜ್ಜೆ 6: ನಾವೇ ಹಾಕುವ ತಾಮ್ರ

ಅಲ್ಯೂಮಿನಿಯಂ, ಕಬ್ಬಿಣ ಮಣ್ಣಿನದ್ದೇ. ತಾಮ್ರ ಮಾತ್ರ ನಾವು ತಂದದ್ದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು (ಮೈಲುತುತ್ತು, ಸುಣ್ಣ ಕಲಸಿದ ನೀರು) ಬಿಡುವ ಪದ್ಧತಿಯನ್ನು ಮೈಸೂರು ಸೀಮೆಯಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ನೆಲೆಗೊಳಿಸಿದರು. ಅಡಿಕೆ ಉಳಿದದ್ದು ಅದರಿಂದ. ಮದ್ದು ಬಿಡಬೇಡಿ ಎಂದು ನಾನು ಖಂಡಿತ ಹೇಳುವುದಿಲ್ಲ.

ಲೆಕ್ಕ ಮಾತ್ರ ನೋಡಿ. ಒಂದು ಕಿಲೋ ಮೈಲುತುತ್ತಿನಲ್ಲಿ ಕಾಲು ಕಿಲೋ ತಾಮ್ರ ಇದೆ. ಎಕರೆಗೆ ವರ್ಷಕ್ಕೆ 10 ಕಿಲೋ ತುತ್ತು ಬಳಸುವ ತೋಟ ಎಂದಿಟ್ಟುಕೊಳ್ಳಿ. ತಾಮ್ರ ಎರಡೂವರೆ ಕಿಲೋ. 40 ವರ್ಷಕ್ಕೆ 100 ಕಿಲೋ. ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಬಿದ್ದದ್ದೆಲ್ಲ ಅಲ್ಲೇ ಉಳಿದರೆ ಕಿಲೋ ಮಣ್ಣಿಗೆ 110 ಮಿಲಿಗ್ರಾಂ ಸೇರಿದ ಹಾಗಾಯಿತು. ತಾಮ್ರ ಮಳೆಯಲ್ಲಿ ಬೇಗ ಕೊಚ್ಚಿಹೋಗುವುದಿಲ್ಲ, ಮೇಲ್ಮಣ್ಣಿಗೇ ಅಂಟಿ ಕೂರುತ್ತದೆ. ಎರೆಹುಳಕ್ಕೆ ಅದು ಆಗುವುದಿಲ್ಲ, ಎಳೆ ಸಸಿಯ ಬೇರಿಗೂ ಆಗುವುದಿಲ್ಲ. ದೊಡ್ಡ ಮರದ ಬೇರು ಅದನ್ನು ಬಹುಮಟ್ಟಿಗೆ ತನ್ನಲ್ಲೇ ತಡೆದಿಡುತ್ತದೆ, ಆಳದ ಬೇರುಗಳು ಅದರಿಂದ ದೂರವೂ ಇರುತ್ತವೆ. ಸತ್ತ ಮರದ ಜಾಗಕ್ಕೆ ನೆಟ್ಟ ಸಣ್ಣ ಸಸಿಗೆ ಆ ಅನುಕೂಲ ಇಲ್ಲ. ಹಾಗಾಗಿ ಹಳೇ ತೋಟದಲ್ಲಿ ಮರುನಾಟಿ ಮಾಡುವಾಗ ಮೇಲಿನ ಅರ್ಧ ಅಡಿ ಮಣ್ಣನ್ನು ಹೊಂಡದೊಳಗೆ ತುಂಬಬೇಡಿ. ಹೊಂಡದ ಆಳದ ಮಣ್ಣಿಗೆ ಸುಣ್ಣ, ಕಾಂಪೋಸ್ಟ್ ಬೆರೆಸಿ ಅದನ್ನೇ ಬಳಸಿ.

ನಮ್ಮಲ್ಲಿ ಮದ್ದು ಕಲಸುವ ಡ್ರಮ್ಮಿನ ಸುತ್ತ ನಾಲ್ಕಡಿ ಜಾಗದಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ. ಅಲ್ಲಿ ನೆಟ್ಟ ಎರಡು ಸಸಿ ಹೋದವು. ಈಗ ಡ್ರಮ್ಮನ್ನು ತೋಟದ ಹೊರಗೆ, ಸಿಮೆಂಟು ನೆಲಕ್ಕೆ ಸರಿಸಿದ್ದೇವೆ. ಹಳೇ ಜಾಗಕ್ಕೆ ಸುಣ್ಣ ಬೆರೆಸಿ ದಪ್ಪಕ್ಕೆ ಕಾಂಪೋಸ್ಟ್ ಹಾಕಿದೆವು. ಎರಡೂ ತಾಮ್ರವನ್ನು ಕಟ್ಟಿಡುತ್ತವೆ. ಮೂರನೆಯ ಮಳೆಗಾಲಕ್ಕೆ ಹುಲ್ಲು ಬಂತು. ಸಸಿ ಇನ್ನೂ ನೆಟ್ಟಿಲ್ಲ. ಮೊದಲು ಆ ಮಣ್ಣಿನಲ್ಲಿ ಹೆಸರುಕಾಳು ಹಾಕಿ ನೋಡುತ್ತೇನೆ.

ಕಲಸುವಾಗ 100 ಲೀಟರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ. ತಲಾ 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ. ಉಜ್ಜಿ ಹೊಳಪಾದ ಕತ್ತಿಯನ್ನು ಒಂದು ನಿಮಿಷ ಅದ್ದಿ. ಕತ್ತಿಗೆ ತಾಮ್ರದ ಬಣ್ಣ ಹತ್ತಿದರೆ ಕಟ್ಟದ ತಾಮ್ರ ಇನ್ನೂ ಉಳಿದಿದೆ ಎಂದರ್ಥ. ಬಣ್ಣ ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಿ. ಬೇಕಾದಷ್ಟೇ ಕಲಸಿ, ನಾಳೆಗೆ ಇಡಬೇಡಿ. ಡ್ರಮ್ಮು ತೊಳೆದ ನೀರನ್ನು ತೋಡಿಗೆ, ಕುಡಿಯುವ ನೀರಿನ ಸುರಂಗದ ಬಾಯಿಗೆ, ಬಾವಿಕಟ್ಟೆಯ ಹತ್ತಿರ ಚೆಲ್ಲಬೇಡಿ. ತಾಮ್ರ ಮೀನಿಗೆ ತೀರಾ ವಿಷ. ತೊಳೆದ ನೀರನ್ನೂ ಪಂಪಿಗೆ ತುಂಬಿಸಿ, ಬಿಡಲು ಬಾಕಿ ಇರುವ ಸಾಲಿನ ಗೊನೆಗಳಿಗೇ ಬಿಟ್ಟು ಮುಗಿಸಿ.